ಮೊಳೆ ಇಲ್ಲದ ಬೆಂಚು

ಇಸಾಕ ಮಿಸ್ತ್ರಿ ಮಣ್ಣಿಗೆ ಹೋಗಿ ತಿಂಗಳು ತುಂಬುವುದರೊಳಗೆ ಅವನು ಎಷ್ಟು ಒಳ್ಳೆಯವನಾಗಿದ್ದ ಎಂಬುದು ಹೆಂಡತಿ ಸೋನಾಬಾಯಿಗೆ ಗೊತ್ತಾಗತೊಡಗಿತು. ನಲವತ್ತು ವರ್ಷ ಒಂದೇ ಒಲೆಯ ರೊಟ್ಟಿ ತಿಂದರೂ ಆಕೆಗೆ ಇದು ತಿಳಿದಿರಲಿಲ್ಲ. ಈಗ ದಿನಕ್ಕೊಬ್ಬರು ಬಂದು ತಿಳಿಸಿ, ಚಹಾ ಕುಡಿದು ಹೋಗುತ್ತಿದ್ದರು.

ಆ ಶುಕ್ರವಾರ ಬಂದವನು ಅಂಬಾದಾಸ. ವಿಜಾಪುರದ ಆ ಸಣ್ಣ ಚರ್ಚಿನ ಸೆಕ್ರೆಟರಿ. ಕಚೇರಿಯಲ್ಲಿ ಕಾರಕೂನನಾಗಿದ್ದು ನಿವೃತ್ತನಾದವನು. ಅದು ಎಪ್ಪತ್ತಾರನೇ ಇಸವಿ. ದೇಶಕ್ಕೆ ಶಿಸ್ತು ಬಂದು ವರ್ಷವಾಗಿತ್ತು, ಅಂಬಾದಾಸನಿಗೆ ಅದು ಹುಟ್ಟಿನಿಂದಲೇ ಇತ್ತು. ಚಪ್ಪಲಿಗಳನ್ನು ಹೊಸ್ತಿಲಿಗೆ ಸರಿಯಾಗಿ ಜೋಡಿಸಿ ಬಿಟ್ಟು ಒಳಗೆ ಬಂದ. ಕೂರಲು ಏನಾದರೂ ಇದೆಯೇ ಎಂದು ಸುತ್ತ ನೋಡಿದ. ಬಡಿಗನ ಮನೆ, ಹಾಗಾಗಿ ಇರಲಿಲ್ಲ. ಒಂದು ಹೊರಸು ಇತ್ತು, ಅದರ ಒಂದು ಕಾಲಿನ ಕೆಳಗೆ ಇಟ್ಟಿಗೆ. ಅದರ ತುದಿಯಲ್ಲಿ ನಂಬಿಕೆಯಿಲ್ಲದವನಂತೆ ಕೂತ.

ಸೋನಾಬಾಯಿ ಜೋಳದ ಚೀಲದ ಮೇಲೆ ಕೂತಿದ್ದಳು. ನೆಲದ ಮೇಲೆ ಕೂತು ಆಕೆಗೆ ಎರಡು ವರ್ಷವಾಗಿತ್ತು. ಮೊಣಕಾಲು ಮಡಚುತ್ತಿರಲಿಲ್ಲ.

"ಅಕ್ಕಾರ, ಬರೋ ಐತವಾರ ಮಿಸ್ತ್ರಿಯವರ ಸ್ಮರಣಿ ಆರಾಧನಿ ಇಟ್ಟೇವ್ರಿ," ಎಂದ ಅಂಬಾದಾಸ. "ಸಭಿ ಮತ್ತ ಸಂಸಾರ, ಎರಡೂ ಅವರಿಗೆ ಎರಡ ಕಣ್ಣ ಇದ್ದಂಗ ಇದ್ದವು."

"ಹೌದ್ರಿ. ಸಂಸಾರದ ಕಣ್ಣಿಗೆ ಪೊರಿ ಬಂದಿತ್ತ, ಅಷ್ಟ."

ಅಂಬಾದಾಸನಿಗೆ ಅದು ಕೇಳಿಸಲಿಲ್ಲ. ಬೇಡದ ಮಾತು ಕೇಳಿಸದಿರುವುದು ಸಭೆಯ ಹಿರಿಯರಿಗೆ ದೇವರು ಕೊಟ್ಟ ವರ.

"ಎಲ್ಲಾರಕಿಂತ ಮುಂದಿನ ಬೆಂಚ್, ಮಿಸ್ತ್ರಿಯವರು ಕುಂಡ್ರತಿದ್ದ ಬೆಂಚ್, ಅದಕ್ಕ ದೊಡ್ಡ ಹಾರ ಹಾಕೂದು. ಅವತ್ತ ಅದರ ಮ್ಯಾಲ ಯಾರೂ ಕುಂಡ್ರಂಗಿಲ್ಲ. ಪೂರಾ ಖಾಲಿ. ಗೌರವ."

"ಪೂರಾ ಬೆಂಚ?"

"ಪೂರಾ."

"ನಾಕ ಮಂದಿ ಕುಂಡ್ರೂ ಬೆಂಚ್ ಅದು."

"ಗೌರವಕ್ಕ ಜಾಗಾ ಬೇಕಲ್ರೀ."

ಸೋನಾಬಾಯಿ ಕೇಳಬೇಕೋ ಬೇಡವೋ ಎಂದು ಮೊಣಕಾಲನ್ನು ಸವರಿಕೊಂಡಳು. ಕೊನೆಗೆ ಕೇಳಿಯೇಬಿಟ್ಟಳು. "ಹಂಗಾರ ಅದರ ತುದಿಗೆ ನಾ ಕುಂಡ್ರಲೇನ್ರಿ? ನನಗ ನೆಲಕ್ಕ ಕುಂಡ್ರಾಕ ಆಗೂದಿಲ್ಲ, ನಿಮಗ ಗೊತ್ತೈತಿ. ಎರಡ ವರ್ಷ ಆತು, ಚರ್ಚಿನ ಕಿಟಕಿ ಹೊರಗ ಚಪ್ಪಲಿ ಕಾಯ್ಕೊಂತ ಕುಂಡ್ರಾಕತ್ತೇನಿ. ಅವರ ಸ್ಮರಣಿಗರೆ ಒಳಗ ಕುಂಡ್ರತೇನಿ."

"ಅದು ಗಂಡಸರ ಕಡಿ ಐತಲ್ರೀ ಅಕ್ಕಾರ."

"ಖಾಲಿ ಇರತೈತಿ ಅಂದ್ರಲ್ಲ."

"ಖಾಲಿ ಇದ್ರೂ ಗಂಡಸರದ."

ಅಂಬಾದಾಸ ಚಹಾ ಮುಗಿಸಿ, ಹೊರಸಿನಿಂದ ಹುಷಾರಾಗಿ ಎದ್ದು, ಹೆಂಗಸರ ಬೆಂಚಿನ ವಿಷಯ ಮುಂದಿನ ವರ್ಷ ಕಮಿಟಿಯ ಮುಂದೆ ಖಂಡಿತ ಬರುತ್ತದೆಂದು ಭರವಸೆ ಕೊಟ್ಟು ಹೋದ.

ಈ ಮುಂದಿನ ವರ್ಷಕ್ಕೆ ಆಗಲೇ ಹದಿನೆಂಟು ವರ್ಷ ವಯಸ್ಸು. ಆ ಚರ್ಚಿನಲ್ಲಿ ಬಲಗಡೆ ಗಂಡಸರು ಬೆಂಚಿನ ಮೇಲೆ, ಎಡಗಡೆ ಹೆಂಗಸರು ಜಮಖಾನೆಯ ಮೇಲೆ. ಮೊದಲು ಎಲ್ಲರಿಗೂ ಜಮಖಾನೆಯೇ ಇತ್ತು. ಐವತ್ತೆಂಟರಲ್ಲಿ ದೊಡ್ಡ ಅಯ್ಯನವರು, ಅಂದರೆ ಬಿಷಪ್ಪರು, ದೂರದಿಂದ ಬರುತ್ತಾರೆ ಎಂದಾಗ, ನೆಲದ ಮೇಲೆ ಕೂತ ಸಭೆ ಅವರ ಕಣ್ಣಿಗೆ ಬೀಳಬಾರದೆಂದು ಬೆಂಚು ಮಾಡಿಸುವ ನಿರ್ಣಯವಾಯಿತು. ಗಂಡಸರಿಗೆ ಮೊದಲು, ಹೆಂಗಸರಿಗೆ ಮುಂದಿನ ವರ್ಷ. ಹೆಂಗಸರು ಬೇಸರ ಮಾಡಿಕೊಳ್ಳಲಿಲ್ಲ. ಮಡಿಲಲ್ಲಿ ಮಗು ಇದ್ದವರಿಗೆ ನೆಲವೇ ಅನುಕೂಲ ಎಂದು ಮಗು ಇಲ್ಲದ ಹಿರಿಯರು ವಿವರಿಸಿದ್ದರು.

ಬೆಂಚು ಮಾಡುವ ಕೆಲಸ ಇಸಾಕನಿಗೇ ಬಂತು, ಕೂಲಿ ಇಲ್ಲದೆ. ಅವನು ಬಬಲೇಶ್ವರದವನು. ಅವನಪ್ಪ ಭಾಗಪ್ಪ ಕೂಲಿಯವನು. ದೀಕ್ಷಾಸ್ನಾನ ತಗೊಂಡು ಮಗನನ್ನು ಮಿಶನ್ನಿನವರ ಕೈಗೆ ಕೊಟ್ಟಿದ್ದ. ಅವರು ಹುಡುಗನಿಗೆ ಎರಡು ವಿದ್ಯೆ ಕಲಿಸಿದರು, ಬೈಬಲ್ ಓದುವುದು ಮತ್ತು ಉಳಿ ಹಿಡಿಯುವುದು. ಇಸಾಕ ಇವೆರಡನ್ನೂ ಬೇರೆ ಬೇರೆ ಇಡಲಾರದೆ ಹೋದ. ಕರ್ತನ ಕೈಕಾಲಿಗೆ ಮೊಳೆ ಹೊಡೆದರು. ಆದ್ದರಿಂದ ಕರ್ತನ ಮನೆಯ ಕಟ್ಟಿಗೆಗೆ ತಾನು ಮೊಳೆ ಹೊಡೆಯುವುದಿಲ್ಲ ಎಂದು ವ್ರತ ಹಿಡಿದ. ಚರ್ಚಿಗೆ ಏನು ಮಾಡಿದರೂ ತೂತು ಕೊರೆದು ಕಟ್ಟಿಗೆಯ ಗೂಟ ಬಡಿಯುತ್ತಿದ್ದ. ಹೊಟ್ಟೆಪಾಡಿಗೆ ಸರಕಾರಿ ಕಚೇರಿಗಳ ಖುರ್ಚಿ ರಿಪೇರಿ ಮಾಡುವ ನೌಕರಿ ಇತ್ತು. ಆ ಖುರ್ಚಿಗಳಿಗೆ ಮಾತ್ರ ಕೈ ಬಂದಷ್ಟು ಮೊಳೆ. ಸರಕಾರಕ್ಕೆ ನೋವಾಗುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು.

ಮಗಳು ಗುರುಬಾಯಿ ಹುಟ್ಟಿದ್ದು ಸೋನಾಬಾಯಿಯ ತವರು ಟಿಕೋಟಾದಲ್ಲಿ. ಆ ದಿನ ಇಸಾಕ ಬಬಲೇಶ್ವರದ ಪ್ರಾರ್ಥನೆಯ ಕೋಣೆಗೆ ಬಾಗಿಲು ಕೂಡಿಸುತ್ತಿದ್ದ. ಸುದ್ದಿ ತಲುಪಿದಾಗ ಒಂದು ಕದ ಬಾಕಿ ಇತ್ತು. ಅದನ್ನು ಕೂಡಿಸಿ, ಜೈನಾಪುರದಿಂದ ಬಂದ ವಿಶ್ವಾಸಿಗಳಿಗೆ ತೆರೆದು ಮುಚ್ಚಿ ತೋರಿಸಿ, ಆಮೇಲೆ ಹೊರಟ. ಅವನು ಟಿಕೋಟಾ ಮುಟ್ಟುವಷ್ಟರಲ್ಲಿ ಮಗುವಿಗೆ ಅಜ್ಜಿಯ ಹೆಸರು ಬಿದ್ದಾಗಿತ್ತು. ಅವನು ಆರಿಸಿಕೊಂಡು ಬಂದಿದ್ದ ಹೆಸರಿನ ರೂತಳು ಚರ್ಚಿನ ದಫ್ತರದಲ್ಲಷ್ಟೇ ಬೆಳೆದಳು.

ಹಾಗೆಂದು ಅವನು ಸಂಸಾರವನ್ನು ಪ್ರೀತಿಸಲಿಲ್ಲವೆಂದರೆ ಸುಳ್ಳಾಗುತ್ತದೆ. ಸಂಜೆ ಊಟಕ್ಕೆ ಮೊದಲು ಒಬ್ಬೊಬ್ಬರ ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದ: ಹೆಂಡತಿ, ಮಗಳು, ಮಗ, ಆಡು. ರೊಟ್ಟಿ ಆರುತ್ತಿತ್ತು. ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ; ಓಣಿಯಲ್ಲಿ ಇಷ್ಟಿದ್ದರೆ ಗಂಡು ದೇವಮಾನವನಾಗುತ್ತಾನೆ. ಒಮ್ಮೆ ಸೋನಾಬಾಯಿಗೆ ವಿಷಮಜ್ವರ ಬಂದಾಗ ಆಕೆಯನ್ನು ಕೈಗಾಡಿಯಲ್ಲಿ ಮಲಗಿಸಿ ತಾನೇ ದವಾಖಾನೆಯವರೆಗೆ ನೂಕಿಕೊಂಡು ಹೋಗಿದ್ದ, ದಾರಿಯುದ್ದಕ್ಕೂ ಗಂಡಸೆಂಬ ನಾಚಿಕೆ ಬಿಟ್ಟು ಅಳುತ್ತ. ಅದನ್ನು ಆಕೆ ಮರೆತಿರಲಿಲ್ಲ. ಆ ಗಾಡಿಯನ್ನು ಚರ್ಚಿನ ಹಲಗೆ ಸಾಗಿಸಲು ಮಾಡಿದ್ದು ಎಂಬುದನ್ನೂ ಮರೆತಿರಲಿಲ್ಲ.

ನಿವೃತ್ತಿಯಾದ ಮೇಲೆ ಮನೆಯಲ್ಲಿ ಇರುತ್ತಾನೆ ಎಂದುಕೊಂಡಿದ್ದಳು. ಸರಕಾರ ಬಿಟ್ಟ ಹೊತ್ತನ್ನೂ ಚರ್ಚು ತೆಗೆದುಕೊಂಡಿತು. ಆಕೆಯ ಮೊಣಕಾಲು ಹಿಡಿದಾಗ ಅವನ ಪ್ರಾರ್ಥನೆಗೆ ಒಂದು ಸಾಲು ಕೂಡಿತು: "ತಂದೆಯೇ, ನನ್ನ ಹೆಂಡತಿಯ ಮೊಣಕಾಲನ್ನು ಗುಣಪಡಿಸು."

"ತಂದಿಗ್ಯಾಕ ತ್ರಾಸ ಕೊಡತೀರಿ?" ಎಂದಿದ್ದಳು ಆಕೆ. "ನಾಕ ಕಾಲಿಂದ ಒಂದ ಸ್ಟೂಲ್ ಮಾಡಿಕೊಡ್ರಿ. ಜಮಖಾನಿ ಬಾಜೂಕ ಇಟಗೊಂಡ ಕುಂಡ್ರತೇನಿ."

"ದೇವರ ಮನ್ಯಾಗ ಒಬ್ಬರಿಗೆ ಎತ್ತರ, ಒಬ್ಬರಿಗೆ ತಗ್ಗ ಮಾಡಬಾರದು," ಎಂದಿದ್ದ ಇಸಾಕ. ಮರುದಿನ ಭಾನುವಾರ, ಹೋಗಿ ಮುಂದಿನ ಬೆಂಚಿನ ಮೇಲೆ ಕೂತ.

ಶನಿವಾರ ಟಿಕೋಟಾದ ಬಸ್ಸಿಗೆ ಗುರುಬಾಯಿ ಬಂದಳು. ಅಲ್ಲಿಯೇ ಆಕೆಯನ್ನು ಕೊಟ್ಟಿತ್ತು. ಅಂಬಾದಾಸನ ಮಾತು ಕೇಳಿ ಕೈಚೀಲ ಇಳಿಸುವುದನ್ನೂ ಮರೆತು ಬಾಗಿಲಲ್ಲೇ ನಿಂತಳು.

"ಖಾಲಿ ಬೆಂಚಿಗೆ ಹಾರ ಹಾಕ್ತಾರ, ಅದನ್ನ ಮಾಡಿದವನ ಹೇಣ್ತಿ ಚಪ್ಪಲಿ ಕಾಯಬೇಕ? ನಡಿ ಬೇ, ನಾ ಬರತೇನಿ, ಅಂಬಾದಾಸನ ಮುಖಕ್ಕ ಕೇಳತೇನಿ."

"ಗುರೂ, ಸಾವಕಾಶ," ಎಂದ ಬಾಬು. ಅವನು ಸೋನಾಬಾಯಿಯ ಮಗ, ಗೋದಾಮೊಂದರಲ್ಲಿ ಗುಮಾಸ್ತ. ಅಪ್ಪ ಸತ್ತು ಸಭೆಯ ಹಿರಿಯರಲ್ಲಿ ಒಂದು ಜಾಗ ತೆರವಾಗಿತ್ತು. ಅದು ತನಗೆ ಬರಬಹುದೆಂದು ಅವನು ಒಂದು ತಿಂಗಳಿಂದ ದುಃಖದ ನಡುವೆಯೂ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. "ನಾಳಿ ನಾ ಅಪ್ಪನ ಬಗ್ಗೆ ಸಾಕ್ಷಿ ಹೇಳಬೇಕು. ಆವಾಗ ಜಗಳ ಛಲೋ ಕಾಣಸೂದಿಲ್ಲ. ಯವ್ವಾ, ನೀ ಹೊರಗ ಕುಂತ್ರೇನಾತು? ಕಿಟಕಿ ಎರಡೂ ಕದ ತೆರಸಿ ಇಡತೇನಿ."

"ಎರಡೂ?" ಎಂದಳು ಸೋನಾಬಾಯಿ. "ಇಷ್ಟ ಖರ್ಚ ಯಾಕ ಮಾಡತಿ ಯಪ್ಪಾ, ಒಂದ ಸಾಕ."

ಗುರುಬಾಯಿ ನಕ್ಕುಬಿಟ್ಟಳು. ಬಾಬು ಎದ್ದು ಹೊರಗೆ ಹೋದ.

ಮಧ್ಯಾಹ್ನ ಲಾಡಲೇಸಾಬ ಬಂದ. ಇಸಾಕನ ಜೊತೆ ಮೂವತ್ತು ವರ್ಷ ಗರಗಸದ ಇನ್ನೊಂದು ತುದಿ ಹಿಡಿದವನು. ಕೈಯಲ್ಲಿ ಒಂದು ಸ್ಟೂಲ್ ಇತ್ತು, ಚಹಾಪುಡಿ ಬರುವ ಕಟ್ಟಿಗೆಯ ಖೋಕಾ ಬಿಚ್ಚಿ ಮಾಡಿದ್ದು. ಒಂದು ಕಾಲಿನ ಮೇಲೆ ಚಹಾ ಕಂಪನಿಯ ಅರ್ಧ ಹೆಸರು ಉಳಿದಿತ್ತು. ಸೋನಾಬಾಯಿ ಸಂತೆಯಲ್ಲಿ ಸಿಕ್ಕ ಅವನ ಹೆಂಡತಿ ಆಶಾಬಿಯ ಮುಂದೆ ಕಷ್ಟ ಹೇಳಿಕೊಂಡಿದ್ದಳು. ಆಶಾಬಿ ಗಂಡನಿಗೆ ಊಟ ಬಡಿಸುವ ಮೊದಲು ಕೆಲಸ ಹಚ್ಚಿದ್ದಳು.

"ಭಾಬಿ, ರಂದಾ ಹೊಡದ ನುಣ್ಣಗ ಮಾಡಾಕ ಹೊತ್ತ ಸಿಗಲಿಲ್ಲ. ಸೀರಿಗೆ ಹತ್ತಿದ್ರ ಮಾಫ್ ಮಾಡ್ರಿ."

ಸೋನಾಬಾಯಿ ಕೂತು ನೋಡಿದಳು. ಗಟ್ಟಿಯಾಗಿತ್ತು. ಮದುವೆಯಾಗಿ ನಲವತ್ತು ವರ್ಷಕ್ಕೆ ಆಕೆಗೆಂದೇ ಒಬ್ಬ ಬಡಿಗ ಮಾಡಿಕೊಟ್ಟ ಮೊದಲ ಸಾಮಾನು ಅದು. ಗಂಡನ ಬದಲು ಗಂಡನ ದೋಸ್ತ ಮಾಡಿದ್ದಾನೆಂಬುದು ಬಿಟ್ಟರೆ ಎಲ್ಲ ಸರಿಯಾಗಿತ್ತು.

"ಮೊಳಿ ಹೊಡದೀರೇನ್ರಿ?" ಗುರುಬಾಯಿ ಕೇಳಿದಳು.

"ಮತ್ತ? ಗೂಟ ಬಡದ್ರ ನಿಮ್ಮ ಮಂಚದಂಗ ಆಗತೈತಿ."

ಗುರುಬಾಯಿ ಸೆರಗು ಬಾಯಿಗೆ ಹಿಡಿದಳು. ಆಕೆಯ ಮದುವೆಗೆ ಇಸಾಕ ಒಂದು ಮಂಚ ಮಾಡಿಕೊಟ್ಟಿದ್ದ, ದೇವರು ಕೂಡಿಸಿದ ಜೋಡಿಗೆ ಮೊಳೆ ಬೇಡವೆಂದು ಬರೀ ಗೂಟದ್ದು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಅದು ಮಗ್ಗಲು ಬದಲಿಸಿದರೂ ಓಣಿಗೆ ಸುದ್ದಿ ಹೇಳತೊಡಗಿತು. ಕೊನೆಗೆ ಗಂಡ ಕರೆಪ್ಪ ಮಾವನಿಗೆ ತಿಳಿಯದಂತೆ ಮೊಳೆ ಹೊಡೆದು ಮಾನ ಉಳಿಸಿಕೊಂಡಿದ್ದ.

"ಚರ್ಚಿನ ಬೆಂಚ್ ಹೆಂಗ ನಿಂತಾವ ಮತ್ತ?" ಎಂದಳು ಆಕೆ. "ಅವೂ ಗೂಟದ್ದ ಅಲ್ಲೇನು?"

ಲಾಡಲೇಸಾಬ ಸೋನಾಬಾಯಿಯ ಕಡೆ ನೋಡಿದ. ಸೋನಾಬಾಯಿ ಗೋಡೆಯ ಕಡೆ ನೋಡಿದಳು. ಗುರುಬಾಯಿ ಇಬ್ಬರನ್ನೂ ನೋಡಿದಳು. ಮುಚ್ಚಿಡುವುದಕ್ಕೆ ಅಷ್ಟು ಸಾಲದು.

"ಹೇಳ್ರಿ, ಹೇಳ್ರಿ," ಎಂದಳು ಸೋನಾಬಾಯಿ. "ಮಗಳ ಮುಂದ ಮುಚ್ಚೂದೇನೈತಿ."

ಬೆಂಚಿಗೆ ಕಟ್ಟಿಗೆ ಕೊಟ್ಟವರು ನಿಡೋಣಿಯ ಒಬ್ಬ ಹಿರಿಯರು. ಅವರ ಹೊಲದ ಬದುವಿನಲ್ಲಿ ದೊಡ್ಡ ಬೇವಿನ ಮರವಿತ್ತು, ನೆರಳು ಬಿದ್ದಲ್ಲೆಲ್ಲ ಜೋಳ ಸೊರಗುತ್ತಿತ್ತು. ದೇವರಿಗೆ ಕೊಡಲು ಇದಕ್ಕಿಂತ ಒಳ್ಳೆಯ ಮರ ಸಿಗುವುದಿಲ್ಲವೆಂದು ಅವರಿಗೆ ಪ್ರೇರಣೆಯಾಯಿತು. ಕಡಿದ ಮರ ಒಣಗಲು ವರ್ಷ ಬೇಕು. ದೊಡ್ಡ ಅಯ್ಯನವರು ಬರಲು ಒಂದೂವರೆ ತಿಂಗಳಿತ್ತು. ಇಸಾಕ ಹಸಿ ಹಲಗೆಯಲ್ಲೇ ತೂತು ಕೊರೆದು ಗೂಟ ಬಡಿದ. ವಿಜಾಪುರದ ಬಿಸಿಲು ಯಾರ ವ್ರತವನ್ನೂ ಕೇಳುವುದಿಲ್ಲ. ಹಲಗೆ ಒಣಗಿ ಕುಗ್ಗಿತು, ತೂತು ಸೊಟ್ಟಗಾಯಿತು, ಗೂಟಗಳು ಮುದುಕರ ಹಲ್ಲಿನಂತೆ ಅಲುಗಾಡತೊಡಗಿದವು. ಅಯ್ಯನವರು ಬರುವ ಹಿಂದಿನ ದಿನ ಮಧ್ಯಾಹ್ನ ಲಾಡಲೇಸಾಬ ಬೀಡಿ ಸೇದಲೆಂದು ಒಂದು ಬೆಂಚಿನ ಮೇಲೆ ಕೂತ, ಬೆಂಚು ಮಂಡಿಯೂರಿತು.

ಇಸಾಕ ತಲೆ ಹಿಡಿದು ಅತ್ತ. ಲಾಡಲೇಸಾಬ ಪೇಟೆಗೆ ಹೋಗಿ ಮೊಳೆ ತಂದ. ಬೇಡವೆಂದು ಇಸಾಕ ಹೇಳಲಿಲ್ಲ, ಹೂಂ ಎಂದೂ ಹೇಳಲಿಲ್ಲ. ಬೈಬಲ್ ತೆಗೆದುಕೊಂಡು ಗೋಡೆಗೆ ಮುಖ ಮಾಡಿ ಕೂತು ಗಟ್ಟಿಯಾಗಿ ಕೀರ್ತನೆ ಓದತೊಡಗಿದ. ಹಿಂದೆ ಸುತ್ತಿಗೆಯ ಸಪ್ಪಳ ಜೋರಾದಂತೆ ಅವನ ದನಿಯೂ ಜೋರಾಯಿತು. ಬುತ್ತಿ ತಂದಿದ್ದ ಸೋನಾಬಾಯಿ ಸರೇಸಿನ ಅಂಟು ಕಾಯಿಸಿ, ಗರಗಸದ ಹೊಟ್ಟು ಕಲಸಿ, ಮೊಳೆಯ ತಲೆಗಳ ಮೇಲೆಲ್ಲ ಮೆತ್ತಿ ಬೆರಳಿನಿಂದ ಸವರಿದಳು. ಸಂಜೆಗೆ ಬೆಂಚುಗಳು ನಿಂತವು. ಮುಸಲ್ಮಾನನ ಸುತ್ತಿಗೆ, ಹೆಂಗಸಿನ ಸರೇಸು. ಕೂರುವವರು ಮಾತ್ರ ಸಭೆಯ ಗಂಡಸರು. ಮರುದಿನ ದೊಡ್ಡ ಅಯ್ಯನವರು ಕೇಳಿದಾಗ ಇಸಾಕ ಕೈ ಜೋಡಿಸಿ ಹೇಳಿದ್ದ: "ಈ ಕೈಯಿಂದ ಒಂದು ಮೊಳೆಯನ್ನೂ ಹೊಡೆದಿಲ್ಲ." ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆಮೇಲೆ ಹದಿನೆಂಟು ವರ್ಷ ಆ ಮಾತು ಬೆಳೆಯಿತು, ಉಪದೇಶದ ಪ್ರಸಂಗಗಳಿಗೆ ಹತ್ತಿತು, ಪರ ಊರಿನ ಚರ್ಚಿನವರು ಬೆಂಚು ನೋಡಲು ಬಂದರು. ಮನೆಯಲ್ಲಿ ಗಂಡ ಹೆಂಡತಿ ಆ ಮಧ್ಯಾಹ್ನದ ಬಗ್ಗೆ ಒಮ್ಮೆಯೂ ಮಾತಾಡಲಿಲ್ಲ.

ಕೇಳಿ ಮುಗಿದ ಮೇಲೆ ಗುರುಬಾಯಿಯ ಕಣ್ಣು ಹೊಳೆಯಿತು. "ಯವ್ವಾ, ನಾಳಿ ಅಂಬಾದಾಸ ಹೂಂ ಅನ್ನಲಿಲ್ಲ ಅಂದ್ರ ಎಲ್ಲಾರ ಮುಂದ ಇದನ್ನ ಹೇಳೇಬಿಡೂಣು. ಬೆಂಚಿನ ಪವಿತ್ರ ಎಲ್ಲಾ ಇಳದ ಹೋಗತೈತಿ."

"ಸತ್ತವನ ಸುಳ್ಳ ಹೊರಗ ಹಾಕಿ ನಾ ಒಳಗ ಹೋಗಲೇನು?"

"ಅವ ನಿನಗೇನ ಮಾಡ್ಯಾನ ಬೇ? ಕುಂಡ್ರಾಕ ಒಂದ ಮಣಿ ಮಾಡಿಕೊಟ್ಟಿಲ್ಲ."

"ಮಾಡಿಲ್ಲ ಖರೆ. ನಾ ಅದನ್ನ ಅವರ ಮುಂದ ಸಾವಿರ ಸಲ ಅಂದೇನಿ. ಅಂಬಾದಾಸನ ಮುಂದ ಅನ್ನೂದಿಲ್ಲ." ಸೋನಾಬಾಯಿ ಸ್ಟೂಲಿನಿಂದ ಎದ್ದಳು. "ಸ್ಟೂಲ್ ಐತಲ್ಲ. ಹೆಂಗಸರ ಕಡಿ ಗ್ವಾಡಿಗೆ ಹತ್ತಿಸಿ ಇಟ್ರ ಯಾರಿಗೇನ ತ್ರಾಸ?"

ತ್ರಾಸು ಯಾರಿಗೂ ಇರಲಿಲ್ಲ, ಅಂಬಾದಾಸನಿಗೆ ಇತ್ತು. ಭಾನುವಾರ ಬೆಳಿಗ್ಗೆ ಅವನು ಚರ್ಚಿನ ಬಾಗಿಲಲ್ಲಿ ಇಸ್ತ್ರಿ ಹಾಕಿದ ಧೋತರ ಉಟ್ಟು ನಿಂತಿದ್ದ. ಒಳಗೆ ಮುಂದಿನ ಬೆಂಚಿನ ಬೆನ್ನಿಗೆ ಚೆಂಡುಹೂವಿನ ಹಾರ ಬಿದ್ದಾಗಿತ್ತು. ಗುರುಬಾಯಿ ಸ್ಟೂಲ್ ಹಿಡಿದಿದ್ದಳು. ಲಾಡಲೇಸಾಬನೂ ತೊಳೆದ ಟೊಪ್ಪಿಗೆ ಹಾಕಿಕೊಂಡು ಬಂದು ಮೆಟ್ಟಿಲ ಬಳಿ ನಿಂತಿದ್ದ, ದೋಸ್ತನ ನೆನಪಿಗೆ.

"ಇದೇನ?" ಎಂದ ಅಂಬಾದಾಸ.

"ಸ್ಟೂಲ್," ಎಂದಳು ಗುರುಬಾಯಿ. "ನಾಕ ಕಾಲ ಇರತಾವ, ಮ್ಯಾಲ ಕುಂಡ್ರತಾರ."

"ಅದು ಕಾಣಸ್ತೈತಿ. ಒಳಗ ಯಾಕ?"

"ನಮ್ಮವ್ವಗ. ಹೆಂಗಸರ ಕಡೀನ ಇಡತೇವ್ರಿ. ನಿಮ್ಮ ಗಂಡಸರ ಗಾಳಿ ಸೈತ ಅದಕ್ಕ ತಾಕೂದಿಲ್ಲ."

ಅಂಬಾದಾಸ ಯೋಚಿಸಿದ. ಹೆಂಗಸರ ಕಡೆ ಸ್ಟೂಲ್ ಇಡಬಾರದೆಂದು ಯಾವ ನಿರ್ಣಯವೂ ಇರಲಿಲ್ಲ. ಯಾಕೆಂದರೆ ಯಾರೂ ಇಟ್ಟಿರಲಿಲ್ಲ. ಅವನು ಸ್ಟೂಲನ್ನು ಕೈಗೆ ತೆಗೆದುಕೊಂಡು ಬುಡಮೇಲು ಮಾಡಿದ. ಮೊಳೆಗಳು ಬೆಳಗಿನ ಬಿಸಿಲಿಗೆ ಮಿಂಚಿದವು. ಅಂಬಾದಾಸನ ಮುಖವೂ.

"ಮೊಳಿ! ಅಕ್ಕಾರ, ಯಾವ ಮನುಷ್ಯಾ ಕರ್ತನ ಮನ್ಯಾಗ ಒಂದ ಮೊಳಿ ಹೊಡೀಲಿಲ್ಲೋ, ಅವನ ಸ್ಮರಣಿ ದಿನಾನ ನೀವ ಇದನ್ನ ಒಳಗ ತರತೀರಿ? ಸ್ವಂತ ಹೇಣ್ತಿ?"

"ಅಪ್ಪನ ಪೆಟ್ಟಿಗಿಗೂ ಮೊಳಿ ಹೊಡದಿತ್ತಲ್ರೀ," ಎಂದಳು ಗುರುಬಾಯಿ. "ಅದನ್ನ ಒಳಗ ಹೊತಗೊಂಡ ಬಂದಾಗ ನೀವ ಒಂದ ಹೆಗಲ ಕೊಟ್ಟಿದ್ರಿ."

"ಅದು ಹೊರಗ ಹೋಗು ಸಾಮಾನ. ಇದು ಒಳಗ ಉಳಿಯು ಸಾಮಾನ."

ಜನ ಕೂಡತೊಡಗಿದರು. ಸಭಾಪಾಲಕರು ಬಂದರು. ಮೆತ್ತಗಿನ ಮನುಷ್ಯ, ಎರಡೂ ಕಡೆಯವರಿಗೆ "ಸಮಾಧಾನ, ಸಮಾಧಾನ" ಎಂದು ಹೇಳಿ, ಸಮಾಧಾನ ಎಲ್ಲಿದೆಯೆಂದು ಹುಡುಕುತ್ತ ಒಳಗೆ ಹೋದರು. ಬಾಬು ತಾಯಿಯ ಕಿವಿಯಲ್ಲಿ ಕಿಟಕಿ ತೆರೆಸಿದ್ದೇನೆಂದು ಹೇಳಿದ.

"ಮೊಳಿ ಬಗ್ಗೆ ಮಾತಾಡತೀರೇನ್ರಿ ಸಾಹೇಬ್ರ?" ಲಾಡಲೇಸಾಬ ಮೆಟ್ಟಿಲು ಹತ್ತಿದ. "ಬರ್ರಿ ಹಂಗಾರ, ಮಾತಾಡೂಣು. ನಿಮ್ಮ ಆ ಬೆಂಚ್ ಐತಲ್ಲ—"

"ಲಾಡಲೇಸಾಬ್ರ!"

ಸೋನಾಬಾಯಿಯ ದನಿಗೆ ಅವನು ನಿಂತ. ಎಲ್ಲರೂ ಆಕೆಯನ್ನು ನೋಡಿದರು. ಅವನ ಬಾಯಲ್ಲಿ ಉಳಿದಿದ್ದ ಎರಡು ಮಾತು ಸಾಕಾಗಿತ್ತು. ಅವು ಹೊರಬಿದ್ದಿದ್ದರೆ ಅಂಬಾದಾಸನ ಹಾರ ಬಿಸಿಲೇರುವ ಮೊದಲೇ ಬಾಡುತ್ತಿತ್ತು. ಆಕೆಗೆ ಗೋಡೆಗೆ ಮುಖ ಮಾಡಿ ಕೂತ ಬೆನ್ನು ಕಂಡಿತು. ಅಂಗಿ ಬೆವರಿಗೆ ಅಂಟಿದ್ದ, ಒಂದೊಂದು ಸುತ್ತಿಗೆ ಪೆಟ್ಟಿಗೂ ತನಗೇ ಬಿದ್ದಂತೆ ನಡುಗುತ್ತಿದ್ದ ಬೆನ್ನು. ಅದು ಭಕ್ತಿಯೋ ಹೇಡಿತನವೋ ಆಕೆಗೆ ಆಗಲೂ ಬಗೆಹರಿದಿರಲಿಲ್ಲ, ಈಗಲೂ ಬಗೆಹರಿಯಲಿಲ್ಲ. ಏನೇ ಇರಲಿ, ಅದನ್ನು ನೋಡುವ ಹಕ್ಕು ಅಂಬಾದಾಸನಿಗೆ ಇರಲಿಲ್ಲ.

"ಸೆಕ್ರೆಟರಿ ಸಾಹೇಬ್ರ," ಎಂದಳು, "ಮೊಳಿ ಹೊಡದಿದ್ದರ ಮ್ಯಾಲ ಒಳಗ ಕುಂಡ್ರಬಾರದಂದ್ರಿ. ಹೌದಲ್ಲರಿ?"

"ಹೌದ್ರಿ. ನಿಮ್ಮ ಯಜಮಾನರ ನೇಮ ಅದು. ನನ್ನದಲ್ಲ."

"ಛಲೋ ನೇಮ. ಮತ್ತ ಮೊಳಿ ಇಲ್ಲದ್ದು ಒಳಗ ಏನೈತಿ?"

"ಏನೈತಿ ಅಂದ್ರ? ನಿಮ್ಮ ಯಜಮಾನರ ಬೆಂಚ್!" ಅಂಬಾದಾಸ ಹೆಮ್ಮೆಯಿಂದ ಕೈ ಚಾಚಿ ಒಳಗೆ ತೋರಿಸಿದ. "ಒಂದ ಮೊಳಿ ತೋರಸ್ರಿ ನೋಡೂಣು!"

"ನಾ ಯಾಕ ತೋರಸಲಿ," ಎಂದಳು ಸೋನಾಬಾಯಿ. "ನಿಮ್ಮ ಮಾತ ನಂಬತೇನಿ. ಸ್ಟೂಲ್ ಹೊರಗ ಇಡು ಗುರುಬಾಯಿ."

ಕೈ ಚಾಚಿದ ಅಂಬಾದಾಸನ ತೋಳಿನ ಕೆಳಗಿನಿಂದಲೇ ಬಗ್ಗಿ ಒಳಗೆ ಹೋದಳು. ಎಡಗಡೆಯ ಜಮಖಾನೆ ದಾಟಿ, ಬಲಗಡೆಗೆ ತಿರುಗಿ, ಗಂಡಸರ ಸಾಲುಗಳ ನಡುವೆ ಗೋಡೆ ಹಿಡಿಯದೆ ಕುಂಟುತ್ತ ನಡೆದು, ಮುಂದಿನ ಬೆಂಚಿನ ಹಾರವನ್ನು ಬದಿಗೆ ಸರಿಸಿ ಕೂತುಬಿಟ್ಟಳು.

ಅಂಬಾದಾಸ ಓಡಿ ಬಂದ. ಆದರೆ ಹಾರ ಹಾಕಿದ ಬೆಂಚಿನಿಂದ, ಅದೇ ಹಾರದವನ ಹೆಂಡತಿಯನ್ನು, ಇಡೀ ಸಭೆಯ ಎದುರಿಗೆ ಕೈಹಿಡಿದು ಎಬ್ಬಿಸುವುದು ಯಾವ ಶಿಸ್ತಿನಲ್ಲೂ ಇರಲಿಲ್ಲ. ಮುಟ್ಟುವಂತಿಲ್ಲ, ಬಿಡುವಂತಿಲ್ಲ. "ಅಕ್ಕಾರ," ಎಂದು ಪಿಸುಗುಟ್ಟಿದ. "ಕುಂಡ್ರರಿ ಅಣ್ಣಾರ, ಜಾಗಾ ಬೇಕಾದಷ್ಟ ಐತಿ," ಎಂದಳು ಸೋನಾಬಾಯಿ, ಪಕ್ಕದ ಹಲಗೆ ತಟ್ಟಿ. ಅವನು ಹಾವು ಕಂಡವನಂತೆ ಹಿಂದೆ ಸರಿದ. ಸಭಾಪಾಲಕರು ಇದೇ ಸಮಯವೆಂದು ಹಾಡು ಶುರುಮಾಡಿಬಿಟ್ಟರು. ಹಾಡಿನ ನಡುವೆ ಜಗಳ ಮಾಡುವುದು ಕಷ್ಟ. ಆಮೇಲೆ ಮಾಡುವುದು ಇನ್ನೂ ಕಷ್ಟ.

ಎರಡು ವರ್ಷದ ಮೇಲೆ ಸೋನಾಬಾಯಿ ಒಳಗೆ ಕೂತಿದ್ದಳು. ಮೊಣಕಾಲು ನೋಯಲಿಲ್ಲ. ಆದರೆ ಎರಡನೆಯ ಚರಣ ಮುಗಿಯುವಷ್ಟರಲ್ಲಿ ಉಳಿದದ್ದೆಲ್ಲ ನೋಯತೊಡಗಿತು.

ಬೆಂಚು ಬಹಳ ಎತ್ತರ. ಕಾಲು ನೆಲಕ್ಕೆ ತಾಗಲಿಲ್ಲ. ಹಲಗೆಯ ಅಂಚು ತೊಡೆಗೆ ಕತ್ತಿಯಂತೆ ಒತ್ತಿತು. ಬೆನ್ನಿನ ಹಲಗೆ ಹಿಂದಕ್ಕೆ ವಾಲುವ ಬದಲು ಕೂತವರನ್ನು ಮುಂದಕ್ಕೆ ದಬ್ಬುತ್ತಿತ್ತು. ಗಂಡಸರು ಪ್ರಸಂಗದ ಹೊತ್ತಿಗೆ ನಿದ್ದೆ ಮಾಡಬಾರದೆಂದು ಹಿರಿಯರು ಹೇಳಿ ಮಾಡಿಸಿದ್ದಂತೆ. ಸುತ್ತಲಿನ ಬೆಂಚುಗಳಿಂದ ಕಿರ್‌ ಕಿರ್‌ ಎಂಬ ಸದ್ದು ಬರುತ್ತಿತ್ತು. ವರ್ಷಗಟ್ಟಲೆ ಜಮಖಾನೆಯ ಮೇಲೆ ಕೂತು ಆ ಸದ್ದನ್ನು ಕೇಳಿದ್ದಳು, ಗಂಡಸರ ಪಶ್ಚಾತ್ತಾಪವೆಂದುಕೊಂಡಿದ್ದಳು. ಈಗ ತಿರುಗಿ ನೋಡಿದರೆ ಎಲ್ಲರೂ ಒಂದು ಕುಂಡಿಯಿಂದ ಇನ್ನೊಂದು ಕುಂಡಿಗೆ ಭಾರ ಬದಲಿಸುತ್ತಿದ್ದರು.

ಬಾಬು ಎದ್ದು ಸಾಕ್ಷಿ ಹೇಳಿದ. ತಾಯಿ ಕೂತ ಕಡೆ ನೋಡದಿರಲು ಮೇಲಿನ ತೊಲೆಯನ್ನು ನೋಡಿ ಹೇಳಿದ. ಅಪ್ಪ ಮನೆಯಲ್ಲಿ ಯಾವ ಕೊರತೆಯನ್ನೂ ಮಾಡಲಿಲ್ಲ ಎಂದ. ಜಮಖಾನೆಯ ಮೇಲಿಂದ ಗುರುಬಾಯಿ ಕೆಮ್ಮಿದಳು.

ಆಮೇಲೆ ಅಂಬಾದಾಸ. ಅವನು ಸುಧಾರಿಸಿಕೊಂಡಿದ್ದ. "ಪ್ರಿಯರೇ, ಈ ಬೆಂಚುಗಳೇ ಸಾಕ್ಷಿ. ಹದಿನೆಂಟು ವರ್ಷ! ಒಂದು ಮೊಳೆ ಇಲ್ಲ. ಬರೀ ವಿಶ್ವಾಸದ ಮೇಲೆ ನಿಂತಿವೆ!"

ಸೋನಾಬಾಯಿ ಜಾರದಿರಲೆಂದು ಬೆಂಚಿನ ಅಂಚು ಹಿಡಿದಿದ್ದಳು. ಹಲಗೆಯ ಕೆಳಗೆ ಬೆರಳಿಗೆ ಏನೋ ಚುಚ್ಚಿತು. ಲಾಡಲೇಸಾಬನ ಮೊಳೆಯ ತುದಿ, ಆ ಕಡೆಯಿಂದ ಈ ಕಡೆಗೆ ಹಾದು ಬಂದದ್ದು. ಮೇಲಿನದನ್ನು ಆಕೆ ಸರೇಸು ಮೆತ್ತಿ ಮುಚ್ಚಿದ್ದಳು. ಕೆಳಗೆ ಯಾರು ನೋಡುತ್ತಾರೆ ಎಂದು ಬಿಟ್ಟಿದ್ದರು. ಅದರ ಪಕ್ಕದಲ್ಲೇ ಇನ್ನೊಂದು. ಹಾಗಾದರೆ ಇಸಾಕ ಇಷ್ಟು ವರ್ಷ ಇಲ್ಲೇ, ಇದನ್ನೇ ಹಿಡಿದು ಕೂತಿದ್ದ. ಅವನ ಕೈಗೂ ಇದು ಸಿಕ್ಕೇ ಇರಬೇಕು, ಪ್ರತಿ ಭಾನುವಾರ, ಪ್ರತಿ ಹೊಗಳಿಕೆಗೂ.

ಆಕೆಗೆ ನಗೆ ಉಕ್ಕಿ ಬಂತು. ಸೆರಗನ್ನು ಬಾಯಿಗೆ ತುರುಕಿಕೊಂಡು ತಲೆ ತಗ್ಗಿಸಿದಳು, ಭುಜಗಳು ಕುಲುಕಿದವು. ಅಂಬಾದಾಸ ಮಾತು ನಿಲ್ಲಿಸಿದ. ಹೆಂಗಸರ ಕಡೆ ಎರಡು ಮೂಗು ಸೊರ್‌ ಎಂದವು. "ಅಳಲಿ," ಎಂದರು ಸಭಾಪಾಲಕರು ಮೆಲ್ಲಗೆ, "ಹಗುರಾಗತೈತಿ." ಅವರು ಕಂಡದ್ದು ಪೂರ್ತಿ ತಪ್ಪೇನಲ್ಲ. ನಗೆ ಮುಗಿಯುವ ಹೊತ್ತಿಗೆ ಸೆರಗು ಒದ್ದೆಯಾಗಿತ್ತು.

ಆರಾಧನೆ ಮುಗಿದ ಮೇಲೆ ಇಳಿಯುವುದೇ ಪಜೀತಿಯಾಯಿತು. ಗುರುಬಾಯಿ ಬಂದು ಕಂಕುಳಿಗೆ ಕೈ ಹಾಕಿ ಇಳಿಸಿದಳು. ಜಮಖಾನೆಯ ಮುದುಕಿ ಪರಸವ್ವ ದಾರಿಗೆ ಅಡ್ಡ ಬಂದಳು.

"ಸೋನವ್ವಾ, ಅಲ್ಲಿಂದ ಏನ ಕಾಣಸ್ತೈತಿ ಬೇ?"

"ಗಂಡಸರ ಬೋಳತಲಿ."

"ಅಷ್ಟನ?"

"ಇಷ್ಟ ದಿನ ನಮಗ ಕಾಣಬಾರದಂತ ಮುಚ್ಚಿಟ್ಟಿದ್ದು ಅಷ್ಟನ ನೋಡು."

ಪರಸವ್ವ ತನ್ನ ಮೊಣಕಾಲು ಮುಟ್ಟಿಕೊಂಡು ಮುಂದಿನ ಬೆಂಚನ್ನು ಒಮ್ಮೆ ನೋಡಿದಳು.

ಹೊರಗೆ ಲಾಡಲೇಸಾಬ ಸ್ಟೂಲಿನ ಮೇಲೆ ಕೂತು ಬೀಡಿ ಹಚ್ಚಿದ್ದ. ಎದ್ದು ಜಾಗ ಕೊಟ್ಟ. "ಹೆಂಗಿತ್ತ ಭಾಬಿ?"

"ನಿಮ್ಮ ದೋಸ್ತಗ ಬೆಂಚ್ ಮಾಡಾಕ ಬರ್ತಿದ್ದಿಲ್ಲ ನೋಡ್ರಿ," ಎಂದಳು ಸೋನಾಬಾಯಿ, ತೊಡೆ ಉಜ್ಜಿಕೊಳ್ಳುತ್ತ. "ಅದರಕಿಂತ ಚಪ್ಪಲಿ ಕಾಯೂದ ಹಗರ."

"ಹಂಗಾರ ಮುಂದಿನ ಐತವಾರ ಮತ್ತ ಕಿಟಕಿ ಬಾಜೂಕ?" ಎಂದಳು ಗುರುಬಾಯಿ.

"ಯಾರಂದ್ರು? ಅಲ್ಲೇ ಕುಂಡ್ರತೇನಿ. ಕೌದಿ ಮಡಚಿ ಒಂದ ತಗೊಂಡ ಬರತೇನಿ." ಸೋನಾಬಾಯಿ ಬಾಗಿಲ ಕಡೆ ನೋಡಿದಳು. ಒಳಗೆ ಅಂಬಾದಾಸ ಜರುಗಿದ ಹಾರವನ್ನು ಬೆಂಚಿನ ಸರಿಯಾಗಿ ನಡುವೆ ತರಲು ಒದ್ದಾಡುತ್ತಿದ್ದ. "ಒಂದ ವಾರ ಖಾಲಿ ಬಿಟ್ರ ಸಾಕು, ಆ ಮನುಷ್ಯಾ ಮತ್ತ ಗೌರವ ಕುಂಡ್ರಸ್ತಾನ."